ಮಂಡಿ ಸವೆತಕ್ಕೆ ಯಾವ ಇನ್‌ಸೋಲ್? ಅದಕ್ಕೂ ಮೊದಲು ಯಾವ ಚಪ್ಪಲಿ?

ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ ಮಾತ್ರೆ, ಮುಲಾಮಿನ ಜೊತೆಗೆ ಮನೆಯವರು ಹುಡುಕುವ ಮೊದಲ ವಸ್ತುಗಳಲ್ಲಿ ಇನ್‌ಸೋಲ್, ಅಂದರೆ ಶೂ ಒಳಗೆ ಪಾದದಡಿ ಇಡುವ ಹಾಸು, ಒಂದು. ಹುಡುಕಿದರೆ ಸಿಗುವುದು ಹತ್ತಾರು ಬಗೆ. ಹಿಮ್ಮಡಿಗೆ ಬಟ್ಟಲಿನಂಥ ಸಿಲಿಕೋನ್ ಕಪ್, ಪಾದ ಪೂರ್ತಿಗೆ ಜೆಲ್ ಹಾಸು, ಪಾದದ ಕಮಾನಿಗೆ ಆಸರೆ ಕೊಡುವ ಗಟ್ಟಿ ಇನ್‌ಸೋಲ್, ಒಂದು ಅಂಚು ಮಾತ್ರ ಎತ್ತರವಿರುವ ಬೆಣೆಯಾಕಾರದ್ದು, ಪಾದದ ಅಚ್ಚು ತೆಗೆದು ಮಾಡಿಕೊಡುವಂಥದ್ದು. ಕೆಲವು ನೂರು ರೂಪಾಯಿಗೂ ಉಂಟು, ಹಲವು ಸಾವಿರಕ್ಕೂ ಉಂಟು. ಎಲ್ಲದರ ಡಬ್ಬದ ಮೇಲೂ ಮಂಡಿ ನೋವಿಗೆ ಎಂದೇ ಬರೆದಿರುತ್ತದೆ. 2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯೊಂದರಲ್ಲಿ ಶೇ. 28.7 ಮಂದಿಗೆ ಮಂಡಿ ಸವೆತ ಕಂಡುಬಂದಿತ್ತು. ಅಂದರೆ ಇದು ಹೆಚ್ಚುಕಡಿಮೆ ಪ್ರತಿ ಮನೆಯ ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಜನರಿಗೆ ಇನ್‌ಸೋಲ್‌ಗಿಂತ ಮೊದಲು ಬದಲಾಗಬೇಕಾದದ್ದು ಕಾಲಿಗೆ ಮೆಟ್ಟುವ ಚಪ್ಪಲಿ ಅಥವಾ ಶೂ. ಬೆಣೆ ಇನ್‌ಸೋಲ್ ಕೆಲವರಿಗೆ ಮಾತ್ರ, ಅದೂ ಸ್ವಲ್ಪ ಮಟ್ಟಿಗೆ. ದುಬಾರಿಯದು ಅಗ್ಗದ್ದಕ್ಕಿಂತ ಹೆಚ್ಚು ನೋವು ಕಡಿಮೆ ಮಾಡುತ್ತದೆ ಎಂಬ ನಂಬಿಕೆಗೆ ಮಂಡಿಯ ವಿಷಯದಲ್ಲಿ ಗಟ್ಟಿ ಆಧಾರವಿಲ್ಲ.

ಯಾವುದನ್ನು ನೋಡಿ ನಿರ್ಧರಿಸಬೇಕು

ಮೊದಲನೆಯದು, ನೋವು ಮಂಡಿಯ ಯಾವ ಭಾಗದಲ್ಲಿದೆ ಎಂಬುದು. ಒಂದೇ ಬೆರಳಿನಲ್ಲಿ ತೋರಿಸಿ. ಎರಡು ಮಂಡಿಗಳು ಒಂದಕ್ಕೊಂದು ಎದುರಾಗುವ ಒಳಬದಿಯಲ್ಲಿ, ಕೀಲಿನ ಸಂದಿಯ ಮೇಲೆ ಬೆರಳು ಹೋದರೆ ಅದು ಒಳಭಾಗದ ಸವೆತ, ಹೆಚ್ಚಿನವರದ್ದು ಇದೇ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಅಷ್ಟಾಗಿ ಇಲ್ಲದೆ, ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ ಮಂಡಿಚಿಪ್ಪಿನ ಹಿಂದೆ ಚುಚ್ಚಿದರೆ ಸವೆತ ಚಿಪ್ಪಿನ ಅಡಿಯಲ್ಲಿರಬಹುದು. ಅಲ್ಲಿಗೆ ಬೆಣೆ ಇನ್‌ಸೋಲ್‌ನಿಂದ ಏನೂ ಆಗದು.

ಎರಡನೆಯದು ಕಾಲಿನ ಆಕಾರ. ಕನ್ನಡಿಯ ಮುಂದೆ ಪಾದಗಳನ್ನು ಜೋಡಿಸಿ ನಿಂತುಕೊಳ್ಳಿ. ಕಣಕಾಲುಗಳು ತಾಗಿಯೂ ಮಂಡಿಗಳ ನಡುವೆ ಜಾಗ ಉಳಿದರೆ ಬಿಲ್ಲಿನಂತೆ ಹೊರಬಾಗಿದ ಕಾಲು. ಮಂಡಿಗಳು ತಾಗಿ ಕಣಕಾಲುಗಳು ದೂರ ಉಳಿದರೆ ಒಳಬಾಗಿದ ಕಾಲು. ಇವೆರಡಕ್ಕೂ ಬೇಕಾದ ಇನ್‌ಸೋಲ್ ತದ್ವಿರುದ್ಧ. ಎಕ್ಸ್‌ರೇ ತೆಗೆಸುವುದಾದರೆ ನಿಂತೇ ತೆಗೆಸಿ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮಂಡಿಯ ಮೇಲೆ ಭಾರ ಬಿದ್ದಿರುವುದಿಲ್ಲ, ಹಾಗಾಗಿ ಎಲುಬುಗಳ ನಡುವಿನ ಅಂತರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಮೂರನೆಯದು ಪಾದ. ಅಂಗಾಲನ್ನು ಒದ್ದೆ ಮಾಡಿ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಹೆಜ್ಜೆ ಇಟ್ಟು ನೋಡಿ. ನಡುವೆ ತಗ್ಗೇ ಇಲ್ಲದೆ ಇಡೀ ಪಾದ ಮೂಡಿದರೆ ಚಪ್ಪಟೆ ಪಾದ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಪ್ರಶ್ನೆ: ಅಂಗಾಲಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತದೆಯೇ? ಜೋಮು ಹಿಡಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುತ್ತಿದ್ದರೆ ಅಂಗಡಿಯ ಇನ್‌ಸೋಲ್ ಕೊಳ್ಳಲೇಬೇಡಿ. ಅದರ ಅಂಚು ಒತ್ತಿ ಹುಣ್ಣಾದರೂ ನಿಮಗೆ ತಿಳಿಯುವುದಿಲ್ಲ. ಮಂಡಿ ನೋವು ಕಳೆಯಲು ಹೋಗಿ ಪಾದ ಕಳೆದುಕೊಳ್ಳುವ ಅಪಾಯ ಇದು, ಉತ್ಪ್ರೇಕ್ಷೆಯಲ್ಲ.

ನಾಲ್ಕನೆಯದನ್ನು ಯಾವ ಜಾಹೀರಾತೂ ಕೇಳುವುದಿಲ್ಲ. ದಿನದಲ್ಲಿ ಎಷ್ಟು ಹೊತ್ತು ನೀವು ಶೂ ಹಾಕಿರುತ್ತೀರಿ? ನಮ್ಮ ಬಹಳಷ್ಟು ಮನೆಗಳಲ್ಲಿ ಚಪ್ಪಲಿ ಹೊಸ್ತಿಲ ಹೊರಗೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ನಿಂತ ಹೆಂಗಸು ಗ್ರಾನೈಟ್ ಅಥವಾ ಟೈಲ್ಸ್ ಮೇಲೆ ಬರಿಗಾಲಲ್ಲಿರುತ್ತಾಳೆ. ಹೊರಗೆ ಹೋದರೆ ಎರಡು ಪಟ್ಟಿಯ ಚಪ್ಪಲಿ, ದೇವಸ್ಥಾನದಲ್ಲಿ ಅದೂ ಇಲ್ಲ. ಇನ್‌ಸೋಲ್ ಕೂರುವುದು ಹಿಮ್ಮಡಿ ಮುಚ್ಚಿದ ಶೂ ಒಳಗೆ ಮಾತ್ರ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ಒಳ್ಳೆಯ ಇನ್‌ಸೋಲ್ ತರುತ್ತಾರೆ. ಅಮ್ಮನ ಹತ್ತಿರ ಅದನ್ನು ಹಾಕಲು ಶೂ ಇರುವುದಿಲ್ಲ, ಅದು ಬೀರುವಿನಲ್ಲೇ ಉಳಿಯುತ್ತದೆ. ಶಾಲೆಯಲ್ಲಿ ಶೂ ಹಾಕಿ ನಿಂತು ಪಾಠ ಮಾಡುವ ಶಿಕ್ಷಕರಿಗೆ, ಪೊಲೀಸರಿಗೆ, ಸೆಕ್ಯೂರಿಟಿ ಕೆಲಸದವರಿಗೆ, ಮಲೆನಾಡಿನ ತೋಟದಲ್ಲಿ ದಿನವಿಡೀ ಗಂಬೂಟು ಹಾಕುವವರಿಗೆ ಲೆಕ್ಕವೇ ಬೇರೆ.

ಹಣದ ಮಾತು ಕೊನೆಗೆ. ಒಂದು ಜೊತೆಯ ಬೆಲೆಯನ್ನಷ್ಟೇ ನೋಡಬೇಡಿ. ಮೆತ್ತನೆಯ ಇನ್‌ಸೋಲ್ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ, ಮತ್ತೆ ಕೊಳ್ಳಬೇಕಾಗುತ್ತದೆ.

ಹೊರ ಅಂಚು ಎತ್ತರವಿರುವ ಬೆಣೆ

ಮಂಡಿಗೆಂದೇ ರೂಪಿಸಿದ ಇನ್‌ಸೋಲ್‌ಗಳಲ್ಲಿ ಮುಖ್ಯವಾದದ್ದು ಇದು, ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಂಗಡಿಗಳಲ್ಲಿ ಲ್ಯಾಟರಲ್ ವೆಜ್ ಎನ್ನುತ್ತಾರೆ. ನಡೆಯುವಾಗ ಮೈಭಾರದ ಹೆಚ್ಚಿನ ಪಾಲು ಮಂಡಿಯ ಒಳಭಾಗದ ಮೇಲೆ ಬೀಳುತ್ತದೆ. ಕಾಲು ಹೊರಬಾಗಿದ್ದರೆ ಇನ್ನೂ ಹೆಚ್ಚು. ಪಾದದ ಹೊರ ಅಂಚನ್ನು ಸ್ವಲ್ಪ ಎತ್ತರಿಸಿದರೆ ನೆಲದಿಂದ ಮೇಲೆ ಬರುವ ಬಲದ ಗೆರೆ ಹೊರಕ್ಕೆ ಸರಿದು ಮಂಡಿಯ ನಡುವಿಗೆ ಹತ್ತಿರವಾಗುತ್ತದೆ, ಒಳಭಾಗದ ಹಿಂಡಿಕೆ ತಗ್ಗುತ್ತದೆ. ಜಪಾನಿನ ಸಸಾಕಿ ಮತ್ತು ಯಸುದಾ 1980ರ ದಶಕದಲ್ಲಿ ಈ ವಿಚಾರವನ್ನು ಮುಂದಿಟ್ಟರು. ಸಾಮಾನ್ಯವಾಗಿ ಬಳಸುವುದು 5 ಡಿಗ್ರಿಯ ಓರೆ. ಆರು, ಆರೂವರೆ ಸೆಂಟಿಮೀಟರ್ ಅಗಲದ ಹಿಮ್ಮಡಿಯಲ್ಲಿ ಇದು ಹೊರ ಅಂಚಿಗೆ ಐದಾರು ಮಿಲಿಮೀಟರ್ ಎತ್ತರ ಕೊಡುತ್ತದೆ.

ವಿಚಾರ ಚೆನ್ನಾಗಿದೆ, ಲೆಕ್ಕವೂ ಸರಿ. ಪ್ರಯೋಗಾಲಯದಲ್ಲಿ ಅಳೆದಾಗ ಒಳಭಾಗದ ಹೊರೆ ಸರಾಸರಿ ಶೇ. 5–6ರಷ್ಟು ಕಡಿಮೆಯಾಗುವುದೂ ಕಂಡಿದೆ. ಆದರೆ ನೋವು? ಮೆಲ್ಬರ್ನಿನಲ್ಲಿ 200 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 5 ಡಿಗ್ರಿಯ ಬೆಣೆ, ಇನ್ನೊಂದಕ್ಕೆ ಓರೆಯಿಲ್ಲದ ಸಪಾಟು ಇನ್‌ಸೋಲ್ ಕೊಟ್ಟು 12 ತಿಂಗಳು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋವಿನಲ್ಲಾಗಲೀ ಮೃದ್ವಸ್ಥಿ (ಕೀಲಿನಲ್ಲಿ ಎಲುಬಿನ ತುದಿಯ ನುಣುಪಾದ ಹೊದಿಕೆ) ಸವೆಯುವ ವೇಗದಲ್ಲಾಗಲೀ ವ್ಯತ್ಯಾಸವಿರಲಿಲ್ಲ. 2013ರಲ್ಲಿ ಇಂಥ 12 ಪ್ರಯೋಗಗಳ 885 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ: ಸಪಾಟು ಇನ್‌ಸೋಲ್‌ಗೆ ಹೋಲಿಸಿದರೆ ಬೆಣೆಯಿಂದ ಹೆಚ್ಚಿನ ಲಾಭವಿಲ್ಲ.

ಇದನ್ನು ಓದಿ ಬೆಣೆ ಬರೀ ಮೋಸ ಎಂದುಕೊಳ್ಳುವುದು ಬೇಡ. ಎಲ್ಲರ ಕಾಲೂ ಬೆಣೆಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಕೆಲವರಲ್ಲಿ ಒಳಭಾಗದ ಹೊರೆ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದೇ ಇಲ್ಲ, ಒಬ್ಬಿಬ್ಬರಲ್ಲಿ ಏರುತ್ತದೆ. ಮ್ಯಾಂಚೆಸ್ಟರಿನ ತಂಡವೊಂದು ಹೊರೆ ನಿಜವಾಗಿ ಇಳಿಯುವವರನ್ನು ಮಾತ್ರ ಮೊದಲು ಅಳೆದು ಆರಿಸಿಕೊಂಡಿತು, ಚಿಪ್ಪಿನ ನೋವಿನವರನ್ನು ಕೈಬಿಟ್ಟಿತು. ಉಳಿದ 62 ಜನರಲ್ಲಿ ಬೆಣೆ ಸಪಾಟು ಇನ್‌ಸೋಲ್‌ಗಿಂತ ಮೇಲಾಯಿತು, ಆದರೆ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದರೆ 0.7ರಷ್ಟು ಮಾತ್ರ. 2019ರ ಈ ಫಲಿತಾಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಸರಿಯಾದ ಕಾಲಿಗೆ, ಸರಿಯಾದ ಜಾಗದ ನೋವಿಗೆ ಹಾಕಿದರೂ ಸಿಗುವ ಲಾಭ ಇಷ್ಟು ಚಿಕ್ಕದು.

ತಜ್ಞರ ಸಂಘಗಳೂ ಹಿಂದೆ ಸರಿದಿವೆ. ಅಮೆರಿಕದ ಕೀಲುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಬೆಣೆ ಇನ್‌ಸೋಲ್‌ಗಳ ವಿರುದ್ಧ ಷರತ್ತಿನ, ಅಂದರೆ ತೀರ ಕಟ್ಟುನಿಟ್ಟಲ್ಲದ, ಸಲಹೆ ಕೊಟ್ಟಿತು. ಅಲ್ಲಿಯ ಮೂಳೆ ಶಸ್ತ್ರತಜ್ಞರ ಅಕಾಡೆಮಿ 2021ರಲ್ಲಿ ಹೊರ ಅಂಚಿನ ಬೆಣೆಯನ್ನು ಬೇಡವೆಂದೇ ಹೇಳಿತು. ಬ್ರಿಟನ್ನಿನ 2022ರ ಮಾರ್ಗಸೂಚಿ ಸ್ವಲ್ಪ ಬಾಗಿಲು ತೆರೆದಿಟ್ಟಿದೆ: ಎಲ್ಲರಿಗೂ ಕೊಡಬೇಡಿ, ಕೀಲು ಅಲುಗಾಡುತ್ತಿದ್ದರೆ ಅಥವಾ ಭಾರ ಓರೆಯಾಗಿ ಬೀಳುತ್ತಿದ್ದರೆ, ಜೊತೆಗೆ ಅದಿಲ್ಲದೆ ವ್ಯಾಯಾಮ ಸಾಗುವುದಿಲ್ಲವೆಂದಾದರೆ, ಕೊಟ್ಟರೆ ಓಡಾಟವೂ ಸುಧಾರಿಸುವಂತಿದ್ದರೆ ಮಾತ್ರ ಕೊಡಿ.

ಹಾಗಾದರೆ ಯಾರು ಪ್ರಯತ್ನಿಸಬಹುದು? ನೋವು ಒಳಬದಿಯಲ್ಲೇ ಇರುವವರು, ಕಾಲು ಹೊರಬಾಗಿರುವವರು, ಚಪ್ಪಟೆ ಪಾದ ಇಲ್ಲದವರು, ದಿನಕ್ಕೆ ಐದಾರು ಗಂಟೆಯಾದರೂ ಶೂ ಹಾಕುವವರು. ಚಪ್ಪಟೆ ಪಾದಕ್ಕೆ ಬೆಣೆ ಹಾಕಿದರೆ ಮೊದಲೇ ಒಳಕ್ಕೆ ಕುಸಿದ ಪಾದ ಇನ್ನಷ್ಟು ಕುಸಿದು ಕಣಕಾಲು ನೋಯುತ್ತದೆ. ಅಂಥವರಿಗೆ ಕಮಾನಿನ ಆಸರೆ ಇರುವ ಬೆಣೆ ಬೇಕು, ಅದನ್ನು ಪಾದ ನೋಡಿಯೇ ಮಾಡಿಸಬೇಕು.

ಒಳ ಅಂಚು ಎತ್ತರವಿರುವ ಬೆಣೆ

ಮಂಡಿಗಳು ಒಳಬಾಗಿ, ಹೊರಬದಿಯಲ್ಲಿ ಸವೆತವಿರುವ ಸ್ವಲ್ಪ ಜನರಿಗೆ ಇದು. ಬ್ರೆಜಿಲಿನಲ್ಲಿ 30 ಮಹಿಳೆಯರ ಮೇಲೆ ಎಂಟು ವಾರ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋವು ತಗ್ಗಿತ್ತು. ಚಿಕ್ಕ ಪ್ರಯೋಗ, ಆದ್ದರಿಂದ ಭರವಸೆಯೂ ಚಿಕ್ಕದೇ. ಆದರೆ ಒಂದು ಎಚ್ಚರಿಕೆ ದೊಡ್ಡದು: ಬಿಲ್ಲುಗಾಲಿನವರು ತಪ್ಪಿ ಇದನ್ನು ಹಾಕಿಕೊಂಡರೆ ಒಳಭಾಗದ ಹೊರೆ ಹೆಚ್ಚುತ್ತದೆ. ಹೊರ ಅಂಚಿನ ಬೆಣೆಯನ್ನು ಎಡ, ಬಲ ಅದಲುಬದಲಾಗಿ ಹಾಕಿದರೂ ಇದೇ ಪರಿಣಾಮ. ಬೆಣೆ ಕೊಂಡ ದಿನವೇ ಯಾವ ಅಂಚು ದಪ್ಪ ಎಂದು ಕೈಯಲ್ಲಿ ಮುಟ್ಟಿ ನೋಡಿ.

ಜೆಲ್, ಸಿಲಿಕೋನ್ ಮತ್ತು ಕಮಾನಿನ ಆಸರೆ

ಹಿಮ್ಮಡಿಯ ಜೆಲ್ ಕಪ್ ಹಿಮ್ಮಡಿ ನೋವಿಗೆ ಒಳ್ಳೆಯದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವವರಿಗೆ ಸಮಾಧಾನ ಸಿಗುತ್ತದೆ. ಮಂಡಿಯ ಮೇಲೆ ಬೀಳುವ ಭಾರವನ್ನು ಅದು ಆಚೀಚೆ ಸರಿಸುವುದಿಲ್ಲ. ಆದರೂ ಬೆಣೆಯ ಪ್ರಯೋಗಗಳಲ್ಲಿ ಸಪಾಟು ಇನ್‌ಸೋಲ್ ಹಾಕಿದವರಲ್ಲೂ ಬಹಳ ಮಂದಿ ಸ್ವಲ್ಪ ಹಾಯೆನಿಸಿತು ಎಂದೇ ಹೇಳಿದ್ದಾರೆ. ಆದ್ದರಿಂದ ನಿಮ್ಮ ಹತ್ತಿರ ಶೂ ಇದ್ದು, ಕೆಲವು ನೂರು ರೂಪಾಯಿ ಖರ್ಚು ಮಾಡಿ ನೋಡೋಣ ಅನ್ನಿಸಿದರೆ ತೆಳುವಾದ, ಬಿಗಿಯಾದ ಸಾದಾ ಇನ್‌ಸೋಲ್ ಸಾಕು. ತೀರ ಮೆತ್ತಗಿರುವುದು ಬೇಡ. ಕಾಲಿಟ್ಟರೆ ಹೂತುಹೋಗುವ ಹಾಸಿನ ಮೇಲೆ ಪಾದ ಅಲುಗುತ್ತದೆ, ವಯಸ್ಸಾದವರು ಆಯ ತಪ್ಪುತ್ತಾರೆ.

ಅಚ್ಚು ತೆಗೆದು ಮಾಡಿಸುವ ದುಬಾರಿ ಇನ್‌ಸೋಲ್ ಬೇಕಾಗುವುದು ಪಾದಕ್ಕೇ ತೊಂದರೆ ಇದ್ದಾಗ: ತೀವ್ರ ಚಪ್ಪಟೆ ಪಾದ, ಎರಡು ಕಾಲುಗಳ ಉದ್ದದಲ್ಲಿ ವ್ಯತ್ಯಾಸ, ಸಕ್ಕರೆ ಕಾಯಿಲೆಯ ಪಾದ. ಬರೀ ಮಂಡಿ ನೋವಿಗೆ ಅಷ್ಟು ಹಣ ಹಾಕುವ ಮೊದಲು ಸರ್ಕಾರಿ ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲೋ ಕೈಕಾಲಿಗೆ ಆಸರೆ ಸಾಧನ ಮಾಡಿಕೊಡುವ ಆರ್ಥೋಟಿಸ್ಟ್ ಹತ್ತಿರವೋ ಒಮ್ಮೆ ಪಾದ ತೋರಿಸಿ.

ಚಪ್ಪಲಿ ಮತ್ತು ಶೂ

ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಸಿಗುವ ಜಾಗ ಇದು. ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು.

ಬರಿಗಾಲಲ್ಲಿ ನಡೆದರೆ ಮಂಡಿಯ ಹೊರೆ ಶೂ ಹಾಕಿ ನಡೆದದ್ದಕ್ಕಿಂತ ಕಡಿಮೆ ಎಂದು ಶಿಕಾಗೋದ ಸಂಶೋಧಕರು 2006ರಲ್ಲಿ ತೋರಿಸಿದರು. ಅದರ ಮೇಲೆ ತೆಳುವಾದ, ಬಾಗುವ ಅಟ್ಟೆಯ ಮೆಟ್ಟುಗಳೇ ಮಂಡಿಗೆ ಒಳ್ಳೆಯದು ಎಂಬ ವಾದ ಬೆಳೆಯಿತು. ಬರಿಗಾಲಿನ ನಡಿಗೆಗೆ ನಮ್ಮಲ್ಲಿ ಮೊದಲೇ ಪ್ರೀತಿ ಇದೆ, ಹಾಗಾಗಿ ಈ ಮಾತು ಬೇಗ ಹಿಡಿಸುತ್ತದೆ. ಆದರೆ 2021ರಲ್ಲಿ ಆಸ್ಟ್ರೇಲಿಯಾದ ತಂಡ 164 ಜನರಿಗೆ ಆರು ತಿಂಗಳು ಎರಡು ಬಗೆಯ ಶೂ ಕೊಟ್ಟು ಹೋಲಿಸಿತು. ತೆಳು, ಬಾಗುವ ಶೂ ಹಾಕಿದವರಲ್ಲಿ ನಡೆಯುವಾಗಿನ ನೋವು ಗಮನಾರ್ಹವಾಗಿ ಇಳಿದದ್ದು ಶೇ. 40 ಜನರಿಗೆ, ಗಟ್ಟಿಯಾಗಿ ಆಸರೆ ಕೊಡುವ ಶೂ ಹಾಕಿದವರಲ್ಲಿ ಶೇ. 58 ಜನರಿಗೆ. ತೊಂದರೆಗಳೂ ಆಸರೆಯ ಶೂ ಗುಂಪಿನಲ್ಲೇ ಕಡಿಮೆ. ಯಂತ್ರದಲ್ಲಿ ಅಳೆದ ಹೊರೆ ಇಳಿದ ಮಾತ್ರಕ್ಕೆ ನೋವು ಇಳಿಯಬೇಕೆಂದಿಲ್ಲ; ಬೆಣೆಯ ಕಥೆಯೂ ಇದನ್ನೇ ಹೇಳಿತ್ತು.

ಆಸರೆಯ ಶೂ ಎಂದರೆ ದುಬಾರಿ ಬ್ರ್ಯಾಂಡ್ ಎಂದಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡು ಹಿಮ್ಮಡಿಯ ಹಿಂಭಾಗ ಒತ್ತಿ ನೋಡಿ, ಸುಲಭವಾಗಿ ಕುಸಿಯಬಾರದು. ಎರಡು ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ, ತಿರುಚಿಕೊಳ್ಳಬಾರದು. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಲ್ಲ. ಹಿಮ್ಮಡಿ ಎತ್ತರವಿರಬಾರದು, ಹೆಂಗಸರ ಹೈ ಹೀಲ್ಸ್ ಮಂಡಿಯ ಒಳಭಾಗದ ಹೊರೆಯನ್ನು ಶೇ. 23ರಷ್ಟು ಏರಿಸುತ್ತದೆ ಎಂದು 1998ರಲ್ಲೇ ಕಂಡುಕೊಂಡಿದ್ದಾರೆ. ಅಂದರೆ ಹೀಲ್ಸ್ ಬಿಟ್ಟರೆ ಬಿಡುಗಡೆಯಾಗುವ ಹೊರೆ ಬೆಣೆ ಕೊಡುವುದಕ್ಕಿಂತ ಸುಮಾರು ಮೂರು ಪಟ್ಟು, ಅದೂ ಖರ್ಚಿಲ್ಲದೆ.

ಸೀರೆಗೆ ಶೂ ಹಾಕಲಾರೆ ಎನ್ನುವವರ ಸಂಕೋಚ ನನಗೆ ಅರ್ಥವಾಗುತ್ತದೆ. ಅವರಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ಅಟ್ಟೆ ಗಟ್ಟಿ ಇರುವ ಸ್ಯಾಂಡಲ್ ಒಳ್ಳೆಯ ರಾಜಿ. ನಮ್ಮೂರುಗಳಲ್ಲಿ ಡಾಕ್ಟರ್ ಚಪ್ಪಲಿ ಎಂದು ಮಾರುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರು) ಚಪ್ಪಲಿಯನ್ನೂ ಜನ ಮಂಡಿ ನೋವಿಗೆ ಕೊಳ್ಳುತ್ತಾರೆ. ಆ ರಬ್ಬರು ಹೆಸರಾದದ್ದು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಂತೆ ಕಾಪಾಡಲು. ಅಂಗಾಲಿನ ಒತ್ತಡವನ್ನು ಹರಡುವುದು ಅದರ ಗುಣ. ಸಕ್ಕರೆ ಕಾಯಿಲೆಯ ಪಾದಕ್ಕೂ ಅದು ಹಿತ. ಮಂಡಿಗೆ ವಿಶೇಷ ಲಾಭವಿದೆ ಎಂದು ಹೇಳಲಾರೆ. ಆದರೆ ಹಿಂದೆ ಪಟ್ಟಿ ಇರುವ ಎಂಸಿಆರ್ ಸ್ಯಾಂಡಲ್, ಸವೆದು ಓರೆಯಾದ ಹವಾಯಿ ಚಪ್ಪಲಿಗಿಂತ ಖಂಡಿತ ಮೇಲು. ಮನೆಯೊಳಗೆ ಹಾಕಲು ಒಂದು ಜೊತೆ ಬೇರೆ ಇಟ್ಟುಕೊಳ್ಳಿ. ದೇವರ ಕೋಣೆಯ ಬಾಗಿಲಲ್ಲಿ ಬಿಟ್ಟು ಹೋದರಾಯಿತು.

ಅಟ್ಟೆಯಡಿ ಎರಡು ಗುಮ್ಮಟದಂಥ ತುಂಡುಗಳನ್ನು ಕೂರಿಸಿ, ಅವುಗಳ ಜಾಗವನ್ನು ತಜ್ಞರು ನಡಿಗೆ ನೋಡಿ ಹೊಂದಿಸುವ ಶೂ ಒಂದಿದೆ. ಸ್ವಿಟ್ಜರ್ಲೆಂಡಿನಲ್ಲಿ 220 ಜನರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದರಿಂದ ನೋವಿನಲ್ಲಿ ಹತ್ತರ ಅಳತೆಯಲ್ಲಿ 1.3ರಷ್ಟು ಹೆಚ್ಚಿನ ಇಳಿಕೆ ಕಂಡಿತು. ಬೆಣೆಗಿಂತ ಇದು ಹೆಚ್ಚು. ಆದರೆ ಶೂ ಜೊತೆಗೆ ತಜ್ಞರ ಭೇಟಿಯೂ ಪದೇ ಪದೇ ಬೇಕು. ಹಣಕ್ಕೆ ತೊಂದರೆಯಿಲ್ಲದ, ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಬಯಸುವವರು ವಿಚಾರಿಸಬಹುದು.

ಅದೇ ಹಣಕ್ಕೆ ಬೇರೇನು

ಇನ್‌ಸೋಲ್‌ಗೆ ಇಟ್ಟ ಹಣ ಎಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು ಕೇಳಿದರೆ ನನ್ನ ಉತ್ತರ ಊರುಗೋಲು. ಬೆಣೆಯನ್ನು ಬೇಡವೆಂದ ಅದೇ 2019ರ ಅಮೆರಿಕದ ಮಾರ್ಗಸೂಚಿ ಊರುಗೋಲನ್ನು, ವ್ಯಾಯಾಮವನ್ನು, ತೂಕ ಇಳಿಸುವುದನ್ನು ಬಲವಾಗಿ ಶಿಫಾರಸು ಮಾಡಿದೆ. ಕೋಲನ್ನು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈಯಲ್ಲಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕೋಲು ಹಿಡಿದರೆ ಮುದುಕಿಯಾದೆ ಅಂದುಕೊಳ್ಳುತ್ತಾರೆ ಎಂಬ ಅಳುಕಿನಿಂದ ಎಷ್ಟೋ ಜನ ವರ್ಷಗಟ್ಟಲೆ ನೋವು ನುಂಗುತ್ತಾರೆ, ಅದು ನನಗೆ ತುಂಬ ಬೇಸರದ ಸಂಗತಿ. ಅರವತ್ತು ದಾಟಿದ, ಆದಾಯ ಕಡಿಮೆ ಇರುವ ಹಿರಿಯರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 2017ರಿಂದ ಊರುಗೋಲಿನಂಥ ಸಾಧನಗಳನ್ನು ಉಚಿತವಾಗಿ ಕೊಡುತ್ತಾರೆ.

ತೂಕದ ಲೆಕ್ಕವೂ ಗೊತ್ತಿರಲಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತರೆ ಆಮೇಲೆ ಮನೆಯಲ್ಲೇ ಮಾಡಬಹುದು. ಚಿಪ್ಪಿನ ನೋವಿನವರಿಗೆ ಎತ್ತರದ ಕಮೋಡ್, ಕೂತು ತರಕಾರಿ ಹೆಚ್ಚಲು ಒಂದು ಕುರ್ಚಿ ಯಾವ ಇನ್‌ಸೋಲ್‌ಗಿಂತಲೂ ಹೆಚ್ಚು ಉಪಕಾರ ಮಾಡುತ್ತವೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಮನೆಯಲ್ಲೇ ಹೆಚ್ಚು ಹೊತ್ತು ಇರುವ, ಹೊರಗೆ ಚಪ್ಪಲಿ ಹಾಕುವ ಗೃಹಿಣಿಗೆ ಇನ್‌ಸೋಲ್ ಬೇಡ. ಹಿಂದೆ ಪಟ್ಟಿಯ ಸ್ಯಾಂಡಲ್ ಎರಡು ಜೊತೆ, ಒಂದು ಒಳಗೆ, ಒಂದು ಹೊರಗೆ. ದಿನವಿಡೀ ಶೂ ಹಾಕುವವರು ಮೊದಲು ಒಳ್ಳೆಯ ಶೂ ಕೊಂಡು ಒಂದೂವರೆ ತಿಂಗಳು ನೋಡಿ, ಆಮೇಲೂ ಒಳಬದಿ ನೋಯುತ್ತಿದ್ದರೆ ಬೆಣೆಯನ್ನು ಪ್ರಯತ್ನಿಸಿ. ಸಕ್ಕರೆ ಕಾಯಿಲೆ ಇದ್ದರೆ ಪಾದ ಪರೀಕ್ಷೆ ಮೊದಲು, ಉಳಿದದ್ದು ಆಮೇಲೆ. ಗದ್ದೆ ಕೆಲಸದವರಿಗೆ ಕೆಸರಿನಲ್ಲಿ ಯಾವ ಇನ್‌ಸೋಲೂ ನಿಲ್ಲುವುದಿಲ್ಲ. ಕೋಲು ಮತ್ತು ವ್ಯಾಯಾಮವೇ ಅವರ ದಾರಿ. ಕೈಯಲ್ಲಿರುವುದು ಐನೂರು ರೂಪಾಯಿ ಮಾತ್ರವಾದರೆ ಕೋಲು ಕೊಳ್ಳಿ.

ಬೆಣೆ ಹಾಕುವುದಾದರೆ ಎರಡೂ ಶೂಗಳಿಗೆ ಹಾಕಿ, ಇಲ್ಲದಿದ್ದರೆ ಕಾಲುಗಳ ಎತ್ತರ ಏರುಪೇರಾಗಿ ಸೊಂಟ ಹಿಡಿಯುತ್ತದೆ. ಮೊದಲ ದಿನ ಒಂದು ಗಂಟೆ, ಆಮೇಲೆ ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ. ಶೂ ಒಳಗಿನ ಹಳೆಯ ಹಾಸನ್ನು ತೆಗೆದೇ ಇದನ್ನು ಹಾಕಬೇಕು, ಬಿಗಿಯಾದರೆ ಬೆರಳು ನೋಯುತ್ತದೆ. ಶುರು ಮಾಡುವ ಮುನ್ನ ಒಂದು ಗೊತ್ತಾದ ನಡಿಗೆ ಆರಿಸಿಕೊಳ್ಳಿ, ಬಸ್‌ಸ್ಟಾಪಿಗೋ ಹಾಲಿನಂಗಡಿಗೋ. ಅಷ್ಟು ನಡೆದಾಗ ನೋವು ಹತ್ತರಲ್ಲಿ ಎಷ್ಟು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಆರು ವಾರದಲ್ಲಿ ಎರಡು ಅಂಕವಾದರೂ ಇಳಿಯದಿದ್ದರೆ ತೆಗೆದುಬಿಡಿ. ಕಣಕಾಲು, ಪಾದ ಅಥವಾ ಸೊಂಟದಲ್ಲಿ ಹೊಸ ನೋವು ಬಂದರೆ ಆರು ವಾರ ಕಾಯಬೇಡಿ.

ಇದೆಲ್ಲ ಸವೆತದ ನೋವಿಗೆ ಮಾತ್ರ ಅನ್ವಯಿಸುತ್ತದೆ. ಮಂಡಿ ಬಿಸಿಯಾಗಿ ಊದಿದ್ದರೆ, ಜ್ವರವಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡಂತೆ ಮಡಚದೆ ನಿಂತರೆ, ಬೆಳಿಗ್ಗೆಯ ಬಿಗಿತ ಒಂದು ಗಂಟೆಗೂ ಹೆಚ್ಚು ಉಳಿದು ಕೈಬೆರಳ ಗಂಟುಗಳೂ ನೋಯುತ್ತಿದ್ದರೆ, ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಶುರುವಾದ ನೋವಾದರೆ ಪಾದರಕ್ಷೆಯ ಯೋಚನೆ ಬದಿಗಿಟ್ಟು ವೈದ್ಯರಿಗೆ ತೋರಿಸಿ.